ಅಂಗವಿಕಲರ ಹಕ್ಕುಗಳ ಕುರಿತು ದೇಶ ಕೊಡುವ ವರದಿಗೆ ನಮ್ಮ ಪಂಚಾಯಿತಿಯ ಲೆಕ್ಕ ತಲುಪುತ್ತದೆಯೇ?

ಪ್ರಶ್ನೆ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿದ್ದೇನೆ. ಬಾಲ್ಯದಲ್ಲಿ ಪೋಲಿಯೊ ತಗುಲಿದ್ದರಿಂದ ನಾನೂ ಊರುಗೋಲು ಹಿಡಿದೇ ನಡೆಯುತ್ತೇನೆ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆದವರು, ಆಗದವರು, ಮಾಸಾಶನ ಬರುತ್ತಿರುವವರು, ನಡುವೆ ನಿಂತುಹೋದವರು, ಶ್ರವಣ ಸಾಧನವೋ ಗಾಲಿಕುರ್ಚಿಯೋ ಬೇಕಾದವರು ಎಂದು ವಿಂಗಡಿಸಿ ಪ್ರತಿ ತಿಂಗಳು ನಮೂನೆ ತುಂಬಿ ತಾಲ್ಲೂಕಿಗೆ ಕಳುಹಿಸುವುದು ನನ್ನ ಕೆಲಸದ ಒಂದು ಭಾಗ.

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ಒಪ್ಪಿಕೊಂಡಿದೆ, ಅದರಂತೆ ಏನೇನು ಮಾಡಿದ್ದೇವೆ ಎಂದು ಕಾಲಕಾಲಕ್ಕೆ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಕಚೇರಿಗೆ ವರದಿ ಕೊಡಬೇಕು ಎಂದು ಒಂದು ತರಬೇತಿಯಲ್ಲಿ ಹೇಳಿದರು. ಅಂದಿನಿಂದ ನನ್ನನ್ನು ಒಂದು ಸಂಗತಿ ಕಾಡುತ್ತಿದೆ. ನಮ್ಮ ಪಂಚಾಯಿತಿ ಕಚೇರಿಯ ಜಗಲಿ ನೆಲದಿಂದ ಎರಡು ಅಡಿ ಎತ್ತರದಲ್ಲಿದ್ದು, ಅದಕ್ಕೆ ಕಟ್ಟಿರುವ ರ‍್ಯಾಂಪಿನ ಉದ್ದ ಬರೀ ಆರು ಅಡಿ. ಗಾಲಿಕುರ್ಚಿಯಲ್ಲಿ ಬರುವ ನಮ್ಮೂರಿನ ಒಬ್ಬ ಮಹಿಳೆಯನ್ನು ಇಬ್ಬರು ಹಿಂದಿನಿಂದ ತಳ್ಳಿ, ಒಬ್ಬರು ಮುಂದಿನಿಂದ ಹಿಡಿದು ಹತ್ತಿಸಬೇಕು. ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಜಾರದಂತೆ ಗಾಲಿಗೆ ಕಾಲು ಕೊಟ್ಟು ನಿಲ್ಲಬೇಕು. ಆಕೆ ಈಗ ಕಚೇರಿಗೆ ಬರುವುದನ್ನೇ ಬಿಟ್ಟಿದ್ದಾರೆ. ಆದರೆ ನನ್ನ ನಮೂನೆಯಲ್ಲಿ 'ರ‍್ಯಾಂಪ್ ಇದೆಯೇ' ಎಂಬ ಅಂಕಣದಲ್ಲಿ 'ಹೌದು' ಅಥವಾ 'ಇಲ್ಲ' ಎಂದು ಬರೆಯುವಷ್ಟೇ ಜಾಗವಿದೆ, ನಾನು 'ಹೌದು' ಎಂದೇ ಬರೆಯಬೇಕಾಗುತ್ತದೆ.

ದೇಶದ ವರದಿಯನ್ನು ಬರೆಯುವವರು ಯಾರು, ಅದನ್ನು ಪರಿಶೀಲಿಸುವವರು ಯಾರು, ನಾನು ಬರೆದ 'ಹೌದು' ಅಲ್ಲಿಗೆ ಹೋಗುತ್ತದೆಯೇ, ಆ ಮಹಿಳೆಯ ಮಾತು ಅಲ್ಲಿಗೆ ತಲುಪಲು ಬೇರೆ ದಾರಿಯಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಕಾನೂನು ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಮೇಡಂ, ತಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಈ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ್ದು 2006ರ ಡಿಸೆಂಬರ್ 13ರಂದು. ಸಹಿಗೆ ತೆರೆದ ಮೊದಲ ದಿನವೇ, ಅಂದರೆ 2007ರ ಮಾರ್ಚ್ 30ರಂದು, ಭಾರತ ಸಹಿ ಹಾಕಿ ಅದೇ ವರ್ಷದ ಅಕ್ಟೋಬರ್ 1ರಂದು ಅನುಮೋದಿಸಿತು. 2008ರ ಮೇ 3ರಿಂದ ಅದು ಜಾರಿಯಲ್ಲಿದೆ. 35ನೇ ವಿಧಿಯ ಪ್ರಕಾರ ಒಪ್ಪಿಕೊಂಡ ದೇಶವು ಎರಡು ವರ್ಷದೊಳಗೆ ಮೊದಲ ವರದಿಯನ್ನೂ, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಮುಂದಿನ ವರದಿಗಳನ್ನೂ ಕೊಡಬೇಕು. ಆ ಲೆಕ್ಕದಲ್ಲಿ ನಮ್ಮ ಮೊದಲ ವರದಿ 2010ರಲ್ಲಿ ಹೋಗಬೇಕಿತ್ತು. ಹೋದದ್ದು 2015ರಲ್ಲಿ, ಚರ್ಚೆಗೆ ಬಂದದ್ದು 2019ರ ಸೆಪ್ಟೆಂಬರಿನಲ್ಲಿ. ಈ ನಡುವೆ 1995ರ ಹಳೆಯ ಕಾಯ್ದೆ ಹೋಗಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದುಬಿಟ್ಟಿತ್ತು. ಹಳೆಯ ಕಾಯ್ದೆಯ ಕಾಲದಲ್ಲಿ ಬರೆದ ವರದಿಯನ್ನು ಹೊಸ ಕಾಯ್ದೆಯ ಕಾಲದಲ್ಲಿ ಚರ್ಚಿಸುವಂತಾಯಿತು. ತಡವಾದರೆ ಏನು ನಷ್ಟ ಎಂದು ಕೇಳುವವರು ಇದನ್ನು ಗಮನಿಸಬೇಕು.

ವರದಿಯನ್ನು ಸಿದ್ಧಪಡಿಸುವುದು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಅಡಿಯಲ್ಲಿರುವ ಅಂಗವಿಕಲರ ಸಬಲೀಕರಣ ಇಲಾಖೆ. ಅದನ್ನು ಪರಿಶೀಲಿಸುವುದು ಹದಿನೆಂಟು ಪರಿಣತರ ಸಮಿತಿ. ಸದಸ್ಯರನ್ನು ದೇಶಗಳೇ ಚುನಾಯಿಸುತ್ತವೆಯಾದರೂ ಅವರು ತಮ್ಮ ಸರ್ಕಾರದ ಪರವಾಗಿ ಕೂರುವುದಿಲ್ಲ, ಸ್ವಂತ ಹೆಸರಿನಲ್ಲಿ ಕೂರುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯವುಳ್ಳವರು. ಸಮಿತಿ ಮೊದಲು ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸುತ್ತದೆ, ಸರ್ಕಾರ ಲಿಖಿತ ಉತ್ತರ ಕೊಡುತ್ತದೆ, ಆಮೇಲೆ ಸರ್ಕಾರದ ನಿಯೋಗದೊಂದಿಗೆ ಬಹಿರಂಗ ಸಭೆ ನಡೆದು ಕೊನೆಯಲ್ಲಿ ಸಮಿತಿಯ ಅಭಿಪ್ರಾಯ ಹಾಗೂ ಶಿಫಾರಸುಗಳು ಪ್ರಕಟವಾಗುತ್ತವೆ. ಭಾರತದ ವಿಷಯದಲ್ಲಿ ಅವು 2019ರ ಅಕ್ಟೋಬರಿನಲ್ಲಿ ಹೊರಬಂದವು. ಅಂಗವೈಕಲ್ಯವನ್ನು ವೈದ್ಯಕೀಯ ಶೇಕಡಾವಾರು ಲೆಕ್ಕದಲ್ಲೇ ಅಳೆಯುತ್ತಿರುವುದರ ಬಗ್ಗೆ, ನಿರ್ಧಾರ ತೆಗೆದುಕೊಳ್ಳುವ ಹಕ್ಕನ್ನು ವ್ಯಕ್ತಿಯಿಂದ ಪೋಷಕರಿಗೆ ವರ್ಗಾಯಿಸುವ ವ್ಯವಸ್ಥೆ ಕಾನೂನಿನಲ್ಲಿ ಉಳಿದಿರುವುದರ ಬಗ್ಗೆ ಸಮಿತಿ ಅಲ್ಲಿ ಕಳವಳ ಹೇಳಿದೆ.

ತಮ್ಮ 'ಹೌದು' ಹಾಗೆಯೇ ಜಿನೀವಾಕ್ಕೆ ಹೋಗುವುದಿಲ್ಲ. ಅದು ತಾಲ್ಲೂಕಿನಲ್ಲಿ ಒಂದು ಮೊತ್ತವಾಗುತ್ತದೆ, ಜಿಲ್ಲೆಯಲ್ಲಿ ಇನ್ನೊಂದು ಮೊತ್ತವಾಗುತ್ತದೆ, ರಾಜ್ಯಕ್ಕೆ ಹೋಗುವಷ್ಟರಲ್ಲಿ 'ಇಷ್ಟು ಕಚೇರಿಗಳಿಗೆ ರ‍್ಯಾಂಪ್ ಒದಗಿಸಲಾಗಿದೆ' ಎಂಬ ಒಂದು ವಾಕ್ಯವಾಗುತ್ತದೆ. ಮಾನವ ಹಕ್ಕುಗಳ ಮೇಲ್ವಿಚಾರಣೆಯಲ್ಲಿ ಸೂಚಕಗಳನ್ನು ಮೂರು ಬಗೆಯಾಗಿ ನೋಡುತ್ತಾರೆ: ಕಾನೂನು ಇದೆಯೇ, ಅದಕ್ಕೆ ಹಣ ಮತ್ತು ಕ್ರಮ ಸಂದಿವೆಯೇ, ಕೊನೆಗೆ ಮನುಷ್ಯರ ಬದುಕಿನಲ್ಲಿ ಏನು ಬದಲಾಯಿತು. ಸರ್ಕಾರಗಳ ವರದಿಗಳು ಮೊದಲನೆಯದನ್ನು ಧಾರಾಳವಾಗಿ, ಎರಡನೆಯದನ್ನು ಅಷ್ಟಿಷ್ಟು ಹೇಳಿ ಮೂರನೆಯದರ ಹತ್ತಿರ ಬಂದಾಗ ಮೌನವಾಗುತ್ತವೆ. ತಮ್ಮೂರಿನ ಆ ಮಹಿಳೆ ಕಚೇರಿಗೆ ಬರುವುದನ್ನು ಬಿಟ್ಟಿದ್ದಾರೆ ಎಂಬುದು ಮೂರನೆಯ ಬಗೆಯ ಸಂಗತಿ. ವರದಿಯಲ್ಲಿ ಬರಬೇಕಾದ ಮಾಹಿತಿಯೇ ಅದು.

ಗಾಲಿಕುರ್ಚಿಯ ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಪ್ರಮಾಣಿತ ಅಳತೆ. ತಮ್ಮ ಎರಡು ಅಡಿಯ ಜಗಲಿಗೆ ಇಪ್ಪತ್ನಾಲ್ಕು ಅಡಿ ಬೇಕಿತ್ತು. 2016ರ ಕಾಯ್ದೆಯ 45ನೇ ಕಲಮಿನಂತೆ, ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷದೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರ ಓಡಾಟಕ್ಕೆ ಸುಗಮವಾಗಬೇಕಿತ್ತು. ಕೇಂದ್ರದ ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಸುಗಮತೆಯ ಮಾನದಂಡಗಳು ಬರೀ ಮಾರ್ಗಸೂಚಿಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ಉತ್ತರ: ಬ್ಯಾಂಕ್ ಉದ್ಯೋಗಿ, ಮಂಡ್ಯ ನಗರ

ಮೇಲಿನ ಸರ್ ಅವರ ವಿವರಣೆ ಉಪಯುಕ್ತವಾಗಿದೆ. ನಾನು ಹುಟ್ಟಿನಿಂದ ದೃಷ್ಟಿಹೀನ. ಸ್ಕ್ರೀನ್ ರೀಡರ್ ಮೂಲಕ ಈ ಚರ್ಚೆಯನ್ನು ಓದುತ್ತಿದ್ದೇನೆ. ಎರಡು ವಿಷಯಗಳನ್ನು ಸೇರಿಸಬೇಕೆನಿಸಿತು.

ಮೊದಲನೆಯದು ಅಂಕಿಅಂಶ. ಒಡಂಬಡಿಕೆಯ 31ನೇ ವಿಧಿ ಅಂಗವಿಕಲರ ಕುರಿತು ಸರಿಯಾದ ಅಂಕಿಅಂಶ ಸಂಗ್ರಹಿಸಿ ವಿಂಗಡಿಸಬೇಕೆನ್ನುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಅಂದರೆ ಶೇ 2.21ರಷ್ಟು ಜನ ಅಂಗವಿಕಲರು, ಕರ್ನಾಟಕದಲ್ಲಿ 13.24 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು. ನಮ್ಮ ದೇಶದಲ್ಲಿ ಮಾತ್ರ ಇಷ್ಟು ಕಡಿಮೆ ಏಕೆ ಎಂದರೆ ಕೇಳುವ ರೀತಿಯಲ್ಲೇ ವ್ಯತ್ಯಾಸವಿದೆ. ಗಣತಿದಾರರು ಮನೆ ಬಾಗಿಲಲ್ಲಿ ನಿಂತು 'ಈ ಮನೆಯಲ್ಲಿ ಅಂಗವಿಕಲರಿದ್ದಾರೆಯೇ' ಎಂದರೆ ಮದುವೆಯಾಗಬೇಕಾದ ಮಗಳಿರುವ ಮನೆಯವರು 'ಇಲ್ಲ' ಎಂದುಬಿಡುತ್ತಾರೆ, ವಯಸ್ಸಾಗಿ ಕಿವಿ ಕೇಳಿಸದ ಅಜ್ಜಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೆ ಪರಿಹಾರವಾಗಿ ವಾಷಿಂಗ್ಟನ್ ಗುಂಪು ಎಂದು ಕರೆಯುವ ಅಂತರರಾಷ್ಟ್ರೀಯ ತಜ್ಞರ ಗುಂಪು ಆರು ಪ್ರಶ್ನೆಗಳನ್ನು ರೂಪಿಸಿದೆ: ನೋಡಲು, ಕೇಳಲು, ನಡೆಯಲು, ನೆನಪಿಡಲು ಅಥವಾ ಗಮನವಿಡಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ತಾವು ದಿನನಿತ್ಯ ಬಳಸುವ ಭಾಷೆಯಲ್ಲಿ ಅರ್ಥಮಾಡಿಕೊಳ್ಳಲು ಮತ್ತು ಅರ್ಥಮಾಡಿಸಲು ಎಷ್ಟು ಕಷ್ಟವಾಗುತ್ತದೆ ಎಂದಷ್ಟೇ ಕೇಳುತ್ತಾರೆ. ಉತ್ತರಕ್ಕೆ ನಾಲ್ಕು ಹಂತಗಳಿವೆ, ಅಂಗವಿಕಲ ಎಂಬ ಪದವೇ ಅಲ್ಲಿ ಬರುವುದಿಲ್ಲ. ಮೇಡಂ, ತಮ್ಮ ಪಟ್ಟಿಯಲ್ಲಿ ಕಾರ್ಡ್ ಇದ್ದವರ ಹೆಸರಷ್ಟೇ ಇದ್ದರೆ ಈ ಆರು ಪ್ರಶ್ನೆಗಳನ್ನು ಒಂದು ಬೀದಿಯಲ್ಲಾದರೂ ಕೇಳಿ ನೋಡಿ.

ಎರಡನೆಯದು, ನಮ್ಮ ಹತ್ತಿರದಲ್ಲೇ ಇರುವ ವ್ಯವಸ್ಥೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಂಗವಿಕಲರ ಪರಿಹಾರ ರಾಜ್ಯಪಟ್ಟಿಯಲ್ಲಿದೆ. ಕೇಂದ್ರ ಬರೆಯುವ ವರದಿಗೆ ಹೂರಣ ರಾಜ್ಯಗಳಿಂದಲೇ ಬರಬೇಕು. 2016ರ ಕಾಯ್ದೆಯ 72ನೇ ಕಲಮಿನಂತೆ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಮಟ್ಟದ ಸಮಿತಿ ಇರಬೇಕು. 83ನೇ ಕಲಮಿನಂತೆ ಅಂಗವಿಕಲರ ರಾಜ್ಯ ಆಯುಕ್ತರು ಸರ್ಕಾರಕ್ಕೆ ಕೊಡುವ ವರದಿಯನ್ನು, ಶಿಫಾರಸುಗಳ ಮೇಲೆ ಏನು ಕ್ರಮ ಆಯಿತು ಎಂಬ ಟಿಪ್ಪಣಿಯೊಂದಿಗೆ, ವಿಧಾನಮಂಡಲದ ಮುಂದಿಡಬೇಕು. ಜಿಲ್ಲಾ ಸಮಿತಿ ಎಷ್ಟು ಬಾರಿ ಸೇರಿತು, ನಡವಳಿ ಏನು ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಜಿನೀವಾದ ಸಭೆಗಿಂತ ಮಂಡ್ಯದ ಈ ಸಮಿತಿಯ ಸಭೆ ನಮ್ಮ ಜನಕ್ಕೆ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಆ ಮಹಿಳೆ ತಮ್ಮ ತೊಂದರೆಯನ್ನು ನೇರವಾಗಿ ಜಿನೀವಾದ ಆ ಸಮಿತಿಗೇ ಬರೆಯಬಹುದೇ?

ಉತ್ತರ: ನಿವೃತ್ತ ಕಾನೂನು ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ವೈಯಕ್ತಿಕ ದೂರಿಗೆ ಆ ಬಾಗಿಲು ನಮಗೆ ತೆರೆದಿಲ್ಲ, ಮೇಡಂ. ಒಡಂಬಡಿಕೆಯ ಜೊತೆಗೆ ಐಚ್ಛಿಕ ಪ್ರೋಟೋಕಾಲ್ ಎಂಬ ಪ್ರತ್ಯೇಕ ಒಪ್ಪಂದವಿದೆ. ಅದನ್ನು ಒಪ್ಪಿದ ದೇಶದ ಪ್ರಜೆಗಳು, ತಮ್ಮ ದೇಶದಲ್ಲಿರುವ ಪರಿಹಾರದ ದಾರಿಗಳೆಲ್ಲ ಮುಗಿದ ಮೇಲೆ ಸಮಿತಿಗೆ ದೂರು ಕೊಡಬಹುದು. ಗಂಭೀರ ಉಲ್ಲಂಘನೆಯ ಮಾಹಿತಿ ಬಂದರೆ ಸಮಿತಿಯೇ ವಿಚಾರಣೆ ನಡೆಸಬಹುದು. ಬ್ರಿಟನ್ನಿನಲ್ಲಿ ಕಲ್ಯಾಣ ಸವಲತ್ತುಗಳ ಕಡಿತದ ಬಗ್ಗೆ ಹೀಗೆ ವಿಚಾರಣೆ ನಡೆದು, ಹಕ್ಕುಗಳ ಗಂಭೀರ ಅಥವಾ ವ್ಯವಸ್ಥಿತ ಉಲ್ಲಂಘನೆಯಾಗಿದೆ ಎಂದು ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಭಾರತ ಆ ಪ್ರೋಟೋಕಾಲನ್ನು ಒಪ್ಪಿಲ್ಲ. ಒಪ್ಪಬೇಕೆಂದು ನಾವು ಕೇಳುತ್ತಲೇ ಇರಬೇಕು.

ಆದರೆ ಪರ್ಯಾಯ ವರದಿಯ ದಾರಿ ಮುಚ್ಚಿಲ್ಲ. ಸರ್ಕಾರದ ವರದಿ ಚರ್ಚೆಗೆ ಬರುವ ಮುನ್ನ ಅಂಗವಿಕಲರ ಸಂಘಟನೆಗಳು ತಮ್ಮದೇ ವರದಿಯನ್ನು ಸಮಿತಿಗೆ ಕಳುಹಿಸಬಹುದು, ಸದಸ್ಯರು ಅದನ್ನು ಓದಿಕೊಂಡೇ ನಿಯೋಗಕ್ಕೆ ಪ್ರಶ್ನೆ ಹಾಕುತ್ತಾರೆ. ಹಲವು ಸಂಘಟನೆಗಳು ಸೇರಿ ಕೊಟ್ಟ ವರದಿಗೆ ತೂಕ ಹೆಚ್ಚು. ಅಳತೆ, ದಿನಾಂಕ, ಛಾಯಾಚಿತ್ರ ಇರುವ ಇಂಥ ಪ್ರಸಂಗಗಳು ಸಂಘಟನೆಗಳಿಗೆ ನಿಜಕ್ಕೂ ಬೇಕಾಗಿರುತ್ತವೆ. ಆ ಮಹಿಳೆಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಕೊಡಿ.

ಇಲ್ಲಿಯ ಮಟ್ಟಿಗೆ ರಾಜ್ಯ ಆಯುಕ್ತರಿಗೆ ದೂರು ಕೊಡುವುದು ಸರಿಯಾದ ದಾರಿ. ಅವರು 2016ರ ಕಾಯ್ದೆಯ 80ನೇ ಕಲಮಿನಡಿ ವಿಚಾರಿಸಿ ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮದ ವಿವರ ತಿಳಿಸಬೇಕು. ಕೊರತೆಯೊಂದನ್ನೂ ಹೇಳಬೇಕು: ಒಡಂಬಡಿಕೆಯ 33ನೇ ವಿಧಿ ಸರ್ಕಾರದಿಂದ ಸ್ವತಂತ್ರವಾದ ಮೇಲ್ವಿಚಾರಣಾ ವ್ಯವಸ್ಥೆಯನ್ನು ಕೇಳುತ್ತದೆ. ಜರ್ಮನಿಯಲ್ಲಿ ಬರ್ಲಿನ್ನಿನ ಮಾನವ ಹಕ್ಕುಗಳ ಸಂಸ್ಥೆ 2009ರಿಂದ ಈ ಕೆಲಸ ಮಾಡುತ್ತಿದೆ. ನ್ಯೂಜಿಲೆಂಡಿನಲ್ಲಿ ಮಾನವ ಹಕ್ಕುಗಳ ಆಯೋಗ ಮತ್ತು ಒಂಬುಡ್ಸ್‌ಮನ್ (ಸರ್ಕಾರದ ವಿರುದ್ಧದ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿ) ಜೊತೆಗೆ ಅಂಗವಿಕಲರ ಸಂಘಟನೆಗಳ ಒಕ್ಕೂಟವೂ ಸಮಾನ ಪಾಲುದಾರ. ನಮ್ಮಲ್ಲಿ ಆಯುಕ್ತರನ್ನು ನೇಮಿಸುವುದು, ಅವರ ಕಚೇರಿಗೆ ಸಿಬ್ಬಂದಿ ಕೊಡುವುದು ಸರ್ಕಾರವೇ. ಇದು ಬದಲಾಗದೆ ಮೇಲ್ವಿಚಾರಣೆ ಗಟ್ಟಿಯಾಗದು.

ಉತ್ತರ: ಕಿವುಡ ಮಗನ ತಾಯಿ, ಮೈಸೂರು

ನನ್ನ ಮಗ ಚಿಕ್ಕವನಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಓಡಾಡಿದ ಅನುಭವದಿಂದ ಹೇಳುತ್ತೇನೆ: ಪರೀಕ್ಷೆಗೆ, ಚಿಕಿತ್ಸೆಗೆ ನಮ್ಮ ಊರಿನಲ್ಲಿ ಒಳ್ಳೆಯ ಸ್ಥಳವಿದೆ. ಆದರೆ ಅವನು ಬೆಳೆದು ಮತದಾರನಾದ ಮೇಲೆ ಯಾವ ಸಭೆಯಲ್ಲಿಯೂ ಅವನ ಮಾತು ದಾಖಲಾಗಿಲ್ಲ, ಏಕೆಂದರೆ ಸಂಜ್ಞಾ ಭಾಷೆಯ ದುಭಾಷಿಯನ್ನು ಯಾರೂ ಕರೆಸುವುದಿಲ್ಲ. ಮೇಲ್ವಿಚಾರಣೆಯಲ್ಲಿ ಅಂಗವಿಕಲರು ಪೂರ್ಣವಾಗಿ ಪಾಲ್ಗೊಳ್ಳಬೇಕೆಂದು ಅದೇ 33ನೇ ವಿಧಿಯ ಮೂರನೇ ಉಪವಿಧಿಯಲ್ಲಿದೆ. ಅವನಂಥವರು ಆಡದ ಮಾತು ಯಾರ ವರದಿಯಲ್ಲೂ ಇರುವುದಿಲ್ಲ, ಪರ್ಯಾಯ ವರದಿಯಲ್ಲಿಯೂ ಕೂಡ.

ಮದ್ದೂರಿನ ಮೇಡಂ, ತಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ವಿಶೇಷ ಗ್ರಾಮಸಭೆ ನಡೆಯುವಾಗ, ಜಗಲಿ ಎರಡು ಅಡಿ, ರ‍್ಯಾಂಪ್ ಆರು ಅಡಿ, ಬೇಕಾದದ್ದು ಇಪ್ಪತ್ನಾಲ್ಕು ಅಡಿ ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿಯಾದ ನಕಲನ್ನು ಪಡೆದುಕೊಳ್ಳಿ. ಆಯುಕ್ತರಿಗೆ ಕೊಡುವ ದೂರಿಗೂ, ಸಂಘಟನೆಗೆ ಕೊಡುವ ವಿವರಕ್ಕೂ ಅದನ್ನೇ ಲಗತ್ತಿಸಬಹುದು. ಸಭೆಯನ್ನು ಮಾತ್ರ ಜಗಲಿಯ ಮೇಲೆ ಇಡದೆ ಕೆಳಗೆ ಅಂಗಳದಲ್ಲಿ ನಡೆಸುವಂತೆ ಮೊದಲೇ ಪತ್ರ ಕೊಡಿ. ಊರಿನಲ್ಲಿ ಕಿವುಡರಿದ್ದರೆ ದುಭಾಷಿ ಬೇಕೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ.