ಗಾಳಿಯಾಡುವ ಫ್ಲಾಸ್ಕಿನಲ್ಲೂ ಯೀಸ್ಟ್ ಆಲ್ಕೋಹಾಲ್ ತಯಾರಿಸುವುದೇಕೆ?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಇಲ್ಲಿನ ಸೂಪರ್ ಮಾರ್ಕೆಟ್‌ನಿಂದ ತಂದ 100 ಗ್ರಾಂ ಬೆಲ್ಲವನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ ಆರಿಸಿ, ಎರಡು ಫ್ಲಾಸ್ಕುಗಳಿಗೆ ಸಮನಾಗಿ ಸುರಿದು, ಎರಡಕ್ಕೂ ಬೇಕರಿ ಯೀಸ್ಟ್ ಹಾಕಿದೆ. ಒಂದರ ಬಾಯಿಗೆ ಬಲೂನು ಕಟ್ಟಿದೆ. ಇನ್ನೊಂದಕ್ಕೆ ಹತ್ತಿ ತುರುಕಿ ಶೇಕರ್ (ಅಲುಗಾಡಿಸುವ ಯಂತ್ರ) ಮೇಲಿಟ್ಟೆ. ಆಮ್ಲಜನಕ ಸಿಕ್ಕರೆ ಯೀಸ್ಟ್ ಉಸಿರಾಡುತ್ತದೆ, ಆಲ್ಕೋಹಾಲ್ ಮಾಡುವುದಿಲ್ಲ ಎಂದು ಓದಿದ್ದೆ. ಆದರೆ ಮರುದಿನ ಎರಡರಲ್ಲೂ ಅದೇ ಘಾಟು. ನಾಲ್ಕನೆಯ ದಿನ ಶೇಕರ್ ಮೇಲಿನದರಲ್ಲಿ ಮಾತ್ರ ಘಾಟು ತಗ್ಗಿತು. ನಾನೆಲ್ಲಿ ತಪ್ಪಿದೆ?

ಉತ್ತರ 1 (ಜೀವರಸಾಯನ ಉಪನ್ಯಾಸಕ, ಹುಬ್ಬಳ್ಳಿ)

ನೀವು ತಪ್ಪಿಲ್ಲ, ಪಠ್ಯದ ವಾಕ್ಯವೇ ಅರ್ಧ. ಗಾಳಿ ಸಿಕ್ಕಾಗ ಹುದುಗುವಿಕೆ (ಸಕ್ಕರೆಯನ್ನು ಆಲ್ಕೋಹಾಲಾಗಿಸುವುದು) ಕುಗ್ಗಿ ಯೀಸ್ಟ್ ಹೆಚ್ಚು ಬೆಳೆಯುತ್ತದೆ ಎಂದು ಪಾಶ್ಚರ್ 1861ರಲ್ಲಿ ತೋರಿಸಿದ್ದು ನಿಜ. ಆದರೆ ಬೇಕರಿ ಯೀಸ್ಟಾದ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಸುತ್ತ ಸಕ್ಕರೆ ತುಂಬಿರುವಾಗ, ಆಮ್ಲಜನಕವಿದ್ದರೂ ಹುದುಗುವಿಕೆಯನ್ನೇ ಆರಿಸಿಕೊಳ್ಳುತ್ತದೆ. ಇದಕ್ಕೆ ಕ್ರಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ಗ್ಲೂಕೋಸ್ ಒಡೆದು ಬರುವ ಪೈರುವೇಟ್ ಎಂಬ ವಸ್ತು, ಜೀವಕೋಶದ ಉಸಿರಾಟದ ಅಂಗವಾದ ಮೈಟೋಕಾಂಡ್ರಿಯಕ್ಕೆ ಹಿಡಿಸಲಾರದಷ್ಟು ವೇಗದಲ್ಲಿ ಸೇರುತ್ತದೆ. ಜೊತೆಗೆ ಉಸಿರಾಟದ ಕಿಣ್ವಗಳ ವಂಶವಾಹಿಗಳನ್ನು ಗ್ಲೂಕೋಸೇ ಅಡಗಿಸಿಡುತ್ತದೆ. ಹುದುಗುವಿಕೆಯಲ್ಲಿ ಒಂದು ಗ್ಲೂಕೋಸಿಗೆ ಸಿಗುವುದು ಕೇವಲ 2 ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು), ಉಸಿರಾಟದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಸಕ್ಕರೆ ಹೇರಳವಾಗಿರುವಾಗ ಯೀಸ್ಟಿಗೆ ಉಳಿತಾಯಕ್ಕಿಂತ ವೇಗ ಮುಖ್ಯ.

ಸಕ್ಕರೆ ಮುಗಿದಾಗ ಅದೇ ಯೀಸ್ಟ್ ಉಸಿರಾಟಕ್ಕೆ ಹೊರಳಿ, ತಾನೇ ಮಾಡಿದ ಆಲ್ಕೋಹಾಲನ್ನು, ಅಂದರೆ ಎಥನಾಲನ್ನು, ಆಮ್ಲಜನಕದ ನೆರವಿನಿಂದ ತಿನ್ನತೊಡಗುತ್ತದೆ. ನಿಮ್ಮ ನಾಲ್ಕನೆಯ ದಿನದ ಬದಲಾವಣೆಗೆ ಇದೇ ಕಾರಣವಿರಬೇಕು. ಹತ್ತಿಯ ಮೂಲಕ ಒಂದಿಷ್ಟು ಆವಿಯಾಗಿಯೂ ಹೋಗಿರುತ್ತದೆ. ವಿನೆಗರಿನಂಥ ಹುಳಿ ವಾಸನೆಯಿದ್ದರೆ ಮಾತ್ರ ಆಲ್ಕೋಹಾಲನ್ನು ಹುಳಿಯಾಗಿಸುವ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇ ಎಂದು ಶಂಕಿಸಿ.

ಉತ್ತರ 2 (ಡಿಸ್ಟಿಲರಿಯ ನಿವೃತ್ತ ನೌಕರ, ಹಾವೇರಿ)

ಕಾಕಂಬಿಯಿಂದ ಎಥನಾಲ್ ತೆಗೆಯುವಾಗ ನಾವು ಯೀಸ್ಟ್ ಬೆಳೆಸುವ ತೊಟ್ಟಿಗೆ ಗಾಳಿ ಊದಿ, ಹುದುಗಿಸುವ ದೊಡ್ಡ ತೊಟ್ಟಿಯಲ್ಲಿ ಗಾಳಿ ನಿಲ್ಲಿಸುತ್ತಿದ್ದೆವು. ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಆಮ್ಲಜನಕವಿಲ್ಲದೆ ಯೀಸ್ಟ್ ತಯಾರಿಸಲಾರದು. ಅವು ಸಾಲದಿದ್ದರೆ ಆಲ್ಕೋಹಾಲ್ ಏರಿದಂತೆ ಅದು ಬೇಗ ಸೋಲುತ್ತದೆ. ಒಮ್ಮೆ ರಾತ್ರಿಪಾಳಿಯವರು ದೊಡ್ಡ ತೊಟ್ಟಿಯ ಬ್ಲೋವರ್ ನಿಲ್ಲಿಸಲು ಮರೆತರು. ಬೆಳಗ್ಗೆ ನೊರೆ ಅಂಚು ಮೀರಿ ನೆಲಕ್ಕಿಳಿದಿತ್ತು, ಆಲ್ಕೋಹಾಲ್ ಮಾತ್ರ ಕಡಿಮೆ. ಯೀಸ್ಟನ್ನೇ ಮಾರುವ ಕಾರ್ಖಾನೆಗಳ ರೀತಿ ಇದಕ್ಕೆ ತದ್ವಿರುದ್ಧ: ಗಾಳಿ ಜೋರಾಗಿ ಊದುತ್ತ, ಕಾಕಂಬಿಯನ್ನು ಸಣ್ಣಗೆ ಬಿಡುತ್ತ ಹೋಗುತ್ತಾರೆ. ಸಕ್ಕರೆ ಎಲ್ಲಿಯೂ ಕೂಡಿ ನಿಲ್ಲದ್ದರಿಂದ ಅದು ಆಲ್ಕೋಹಾಲಾಗದೆ ಯೀಸ್ಟಾಗುತ್ತದೆ.

ಪ್ರಶ್ನೆ ಕೇಳಿದವರು

ವಂದನೆಗಳು ಸರ್. ಆಲ್ಕೋಹಾಲ್ ಎಷ್ಟಾಯಿತೆಂದು ತಕ್ಕಡಿಯಿಂದಲೇ ತಿಳಿಯಬಹುದೇ?

ಉತ್ತರ 1ರವರಿಂದ

ಮುಚ್ಚಿದ ಫ್ಲಾಸ್ಕಿನಲ್ಲಿ ಅಂದಾಜಿಸಬಹುದು. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥನಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುವುದರಿಂದ, ಫ್ಲಾಸ್ಕಿನ ತೂಕ 11 ಗ್ರಾಂ ಇಳಿದರೆ ಸುಮಾರು 11.5 ಗ್ರಾಂ ಎಥನಾಲ್ ಆಗಿದೆಯೆಂದು ತಿಳಿಯಿರಿ. ಆದರೆ ಬಲೂನು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಬದಲು ತುದಿ ನೀರಿನಲ್ಲಿ ಮುಳುಗಿರುವ ಬಾಗಿದ ನಳಿಕೆ ಜೋಡಿಸಿ. ಶೇಕರ್ ಮೇಲಿನ ಫ್ಲಾಸ್ಕಿಗೆ ಈ ಲೆಕ್ಕ ನಡೆಯದು: ಅಲ್ಲಿ ಉಸಿರಾಟದಿಂದಲೂ ಅದೇ ಅನಿಲ ಹೊರಬೀಳುತ್ತದೆ, ನೀರೂ ಆವಿಯಾಗುತ್ತದೆ.