ಕಾರವಾರದಲ್ಲಿ ರೂಮು, ಮನೆಯಿಂದ ರೇಷನ್ ಅಕ್ಕಿ, ಕೈಯಲ್ಲಿ 1,200 ರೂಪಾಯಿ: ಊಟ ಹೇಗೆ ನಡೆಸೋದು?

ಘಟ್ಟದ ಹುಡುಗಿ:
ನಮ್ಮೂರು ಶಿರಸಿ ಹತ್ತಿರ. ಕಾರವಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಹಾಸ್ಟೆಲ್ ಸೀಟು ಸಿಗಲಿಲ್ಲ, ಗೆಳತಿ ಜೊತೆ ರೂಮು ಮಾಡಿದ್ದೇನೆ. ಬಾಡಿಗೆ ಅಪ್ಪ ಕೊಡುತ್ತಾರೆ. ಊಟಕ್ಕೆ ಅಂತ ತಿಂಗಳಿಗೆ 1,200 ರೂಪಾಯಿ ಉಳಿಯುತ್ತದೆ. ಬಿಪಿಎಲ್ ಕಾರ್ಡಿನ ಅಕ್ಕಿ ಮನೆಯಿಂದ ತರುತ್ತೇನೆ. ಒಂದು ಒಲೆ, ಸಣ್ಣ ಕುಕ್ಕರ್ ಇದೆ, ಮಿಕ್ಸಿ ಇಲ್ಲ. ಬೆಳಿಗ್ಗೆ ಚಾ ಮಾತ್ರ, ರಾತ್ರಿ ಅನ್ನ ಉಪ್ಪಿನಕಾಯಿ. ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿ ನಿಂತರೆ ತಲೆ ತಿರುಗುತ್ತದೆ. ಇನ್ನೊಂದು ವಿಷಯ, ಅಕ್ಕಿ ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಅಂತ ಗೆಳತಿ ಆರಿಸಿ ಎಸೆಯುತ್ತಾಳೆ. ಹೌದಾ?

ಸದಾಶಿವಗಡ ಕಡೆಯವ:
ಮೊದಲು ವಿದ್ಯಾಸಿರಿಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ಅಂತಲೇ ಇರುವ ಸಹಾಯ ಅದು. ತಿಂಗಳಿಗೆ 1,500ರಂತೆ ಹತ್ತು ತಿಂಗಳು ಅಂತ ಶುರುವಾಗಿದ್ದು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಸರಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ದುಡ್ಡು ತಡವಾಗಿ ಬರುತ್ತದೆ, ಅದನ್ನೇ ನಂಬಿ ಕೂರಬೇಡಿ.

ಕುಮಟೆಯ ಅಕ್ಕ:
ತಂಗಿ, ಆ ತೇಲುವ ಕಾಳು ದಯವಿಟ್ಟು ಎಸೆಯಬೇಡಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ರೇಷನ್ ಅಕ್ಕಿಗೆ ಬೆರೆಸಿದ್ದು. ತಲೆ ತಿರುಗುವ ಹುಡುಗಿಯರು ಅದನ್ನೇ ಆರಿಸಿ ಎಸೆಯುತ್ತಾರಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ. ಒಂದೆರಡು ಸಲ ತೊಳೆದರೆ ಸಾಕು. ಗಂಜಿ ನೀರು ಬಸಿದು ಚೆಲ್ಲಬೇಡಿ.

ನಾನೂ ಕಾರವಾರದಲ್ಲಿ ರೂಮಲ್ಲಿದ್ದು ಓದಿದವಳು. ನಾನು ಕಂಡುಕೊಂಡಿದ್ದು ಇಷ್ಟೇ: ಅಕ್ಕಿ ಪುಕ್ಕಟೆ ಇದೆ ಅಂದಮೇಲೆ ಇರುವ ದುಡ್ಡೆಲ್ಲ ಅನ್ನದ ಪಕ್ಕದ್ದಕ್ಕೆ ಹೋಗಬೇಕು. ಕಾಳು, ಮೊಟ್ಟೆ, ಮೀನು, ಸೊಪ್ಪು. ಬಿಸ್ಕೀಟು ನೂಡಲ್ಸಿಗೆ ಹತ್ತು ಹತ್ತು ರೂಪಾಯಿ ಹೋಗುವುದು ಗೊತ್ತೇ ಆಗುವುದಿಲ್ಲ.

ಬೆಳಿಗ್ಗೆ ಗಂಜಿ ಮಾಡಿ. ರಾತ್ರಿ ಮಲಗುವ ಮುಂಚೆ ಒಂದು ಲೋಟ ಅಕ್ಕಿಗೆ ಒಂದು ಮುಷ್ಟಿ ಹೆಸರುಕಾಳು ಸೇರಿಸಿ ಕುಕ್ಕರಿನಲ್ಲೇ ನೆನೆಹಾಕಿ. ಎದ್ದ ಕೂಡಲೇ ಉಪ್ಪು, ಜಾಸ್ತಿ ನೀರು ಹಾಕಿ ಮೂರು ಸೀಟಿ. ನೀವು ಸ್ನಾನ ಮಾಡಿ ಬರುವಷ್ಟರಲ್ಲಿ ಕಾಳು ಒಡೆದು ಗಂಜಿ ದಪ್ಪ ಆಗಿರುತ್ತದೆ. ಅಕ್ಕಿಯಲ್ಲಿ ಕಡಿಮೆ ಇರುವುದನ್ನು ಕಾಳು ತುಂಬಿಕೊಡುತ್ತದೆ, ಅದಕ್ಕೇ ಎರಡೂ ಒಟ್ಟಿಗೆ ಬೇಕು. ಇಬ್ಬರಿಗೆ ಹೊಟ್ಟೆ ತುಂಬಾ ಆಗುತ್ತದೆ. ಜೊತೆಗೆ ಹಸಿ ಈರುಳ್ಳಿ ಕಚ್ಚಿಕೊಳ್ಳಿ. ಬೇಸಿಗೆಯಲ್ಲಿ ಕುಮಟೆ ಸಿಹಿ ಈರುಳ್ಳಿ ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕಿರುತ್ತಾರೆ, ಒಂದು ಜಡೆ ತಂದರೆ ಸುಮಾರು ದಿನ ಬರುತ್ತದೆ.

ರಾತ್ರಿಗೆ ಮುರುಗಲ (ಕೋಕಂ) ಸಾರು. ಮಿಕ್ಸಿ ಬೇಡ. ಒಣ ಸಿಪ್ಪೆ ನಾಲ್ಕೈದು ಬಿಸಿನೀರಿನಲ್ಲಿ ನೆನೆಸಿ, ಬಣ್ಣ ಬಿಟ್ಟ ಮೇಲೆ ಕಿವುಚಿ, ಉಪ್ಪು, ಚೂರು ಬೆಲ್ಲ, ಹಸಿಮೆಣಸು, ಬೆಳ್ಳುಳ್ಳಿ ಒಗ್ಗರಣೆ. ಜೊತೆಗೆ ಬೇಯಿಸಿದ ಮೊಟ್ಟೆ. ಚಾ ಮಾತ್ರ ಊಟದ ಜೊತೆ ಕುಡಿಯಬೇಡಿ, ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಹುಳಿ ಇದ್ದರೆ ಒಳ್ಳೇದು.

ಮತ್ತೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಇದನ್ನು ಮುಂದೆ ಹಾಕಬೇಡಿ.

ಸದಾಶಿವಗಡ ಕಡೆಯವ:
ಮೀನು ತಿನ್ನುತ್ತೀರಾದರೆ ತಾರ್ಲೆ (ಬೂತಾಯಿ) ತನ್ನಿ. ಇಶೋಣ (ಅಂಜಲ್), ಪಾಪ್ಲೆಟ್‌ನಂಥ ದುಬಾರಿ ಮೀನಿನ ಕಡೆ ನೋಡಲೇಬೇಡಿ. ಬಲೆಗೆ ಜಾಸ್ತಿ ಬಿದ್ದ ದಿನ ತಾರ್ಲೆ, ಬಂಗಡೆ ಎರಡೂ ಅಗ್ಗ. ಮಾರ್ಕೆಟ್ಟಿಗೆ ಬೆಳಿಗ್ಗೆ ಹೋಗುವ ಬದಲು ಮೀನು ಮಾರುವ ಹೆಂಗಸರು ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಡುವ ಹೊತ್ತಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ರೇಟು ಏರುತ್ತದೆ. ಮಳೆಗಾಲಕ್ಕೆ ಮುಂಚೆಯೇ ಒಣ ಮೀನು ತಂದಿಟ್ಟುಕೊಳ್ಳಿ.

ಘಟ್ಟದ ಹುಡುಗಿ:
ನಮ್ಮ ಮನೆಯಲ್ಲಿ ಮೀನು ಇಲ್ಲ. ಮೊಟ್ಟೆ ಇಲ್ಲಿಗೆ ಬಂದ ಮೇಲೆ ಶುರು ಮಾಡಿದ್ದೇನೆ. ತೇಲುವ ಕಾಳಿನ ವಿಷಯ ಗೆಳತಿಗೆ ಓದಿ ಹೇಳಿದೆ, ಇನ್ನು ಎಸೆಯುವುದಿಲ್ಲ ಅಂದಳು. ಸೊಪ್ಪು ಇಲ್ಲಿ ದುಬಾರಿ ಅನಿಸುತ್ತದೆ, ಅದಕ್ಕೇನು ಮಾಡಲಿ?

ಕುಮಟೆಯ ಅಕ್ಕ:
ನಿಮ್ಮೂರಲ್ಲಿ ಸೊಪ್ಪಿಗೆ ಬರವಾ? ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ದೇವಿಮನೆ ಘಟ್ಟ ಇಳಿಯುವ ಬಸ್ಸಿಗೆ ಹತ್ತುವಾಗ ಅಕ್ಕಿ ಚೀಲದ ಜೊತೆ ಒಂದೆಲಗ, ಬಸಳೆ, ಹಿತ್ತಲ ಬಾಳೆಕಾಯಿ ಹಾಕಿಕೊಂಡು ಬನ್ನಿ. ದೊಡ್ಡಪತ್ರೆಯ ಒಂದು ಟೊಂಗೆ ತಂದು ಹಳೇ ಡಬ್ಬಿಯಲ್ಲಿ ಊರಿದರೆ ರೂಮಿನ ಕಿಟಕಿಯಲ್ಲೇ ಬೆಳೆಯುತ್ತದೆ. ಅದರ ಎಲೆ ನಾಲ್ಕು, ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಲೋಟದ ತಳದಲ್ಲಿ ಜಜ್ಜಿ ಮಜ್ಜಿಗೆಗೆ ಹಾಕಿ. ಕಾಯಿ ಇಲ್ಲದಿದ್ದರೂ ತಂಬುಳಿ ಚೆನ್ನಾಗಿಯೇ ಆಗುತ್ತದೆ.

ಮನೆಯ ಕಾರ್ಡಿನಲ್ಲಿ ನಿಮ್ಮ ಹೆಸರಿಗೆ ಇಕೆವೈಸಿ (ಬೆರಳಚ್ಚು ಕೊಟ್ಟು ಗುರುತು ಖಚಿತಪಡಿಸುವುದು) ಆಗಿದೆಯಾ? ಓದಲು ಹೊರಗಿರುವ ಮಕ್ಕಳದ್ದೇ ಬಾಕಿ ಉಳಿಯುವುದು ಜಾಸ್ತಿ. ಮುಂದಿನ ಸಲ ಊರಿಗೆ ಹೋದಾಗ ರೇಷನ್ ಕೊಡುವ ಸೊಸೈಟಿಗೆ ಹೋಗಿ ಬೆರಳು ಒತ್ತಿ ಬನ್ನಿ.