ಆಟಕ್ಕೆ ಬರುವ ಮಗುವನ್ನು ಓದಿಗೂ ಕರೆತರುವುದು ಹೇಗೆ? ದೈಹಿಕ ಶಿಕ್ಷಣ ಶಿಕ್ಷಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸ್ವಯಂಸೇವಕ): ನಮಸ್ಕಾರ ಸರ್. ನಾವು ಐವರು ಗೆಳೆಯರು ಸೇರಿ ಸಂಜೆ ಮೂವತ್ತು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದೇವೆ. ಹೆಚ್ಚಿನವರು ಕೂಲಿ ಮಾಡುವವರ ಮಕ್ಕಳು. ಕಳೆದ ವರ್ಷ ನಾಲ್ವರು ಶಾಲೆ ಬಿಟ್ಟರು, ಆಟ ಮಾತ್ರ ಬಿಡಲಿಲ್ಲ. ಕಡಿಮೆ ಅಂಕ ತೆಗೆದವರನ್ನೂ ಶಾಲೆಗೆ ಹೋಗದವರನ್ನೂ ತಂಡದಿಂದ ಕೈಬಿಟ್ಟರೆ ದಾರಿಗೆ ಬರುತ್ತಾರೆ ಎಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ. ನಿಮ್ಮ ಸಲಹೆ ಬೇಕು.

ಉತ್ತರ: ದಯವಿಟ್ಟು ಕೈಬಿಡಬೇಡಿ. ಆ ನಾಲ್ವರನ್ನು ಓದಿಗೆ ಮರಳಿಸಲು ಉಳಿದಿರುವ ಎಳೆ ಆಟವೊಂದೇ. ಅದನ್ನೂ ನೀವೇ ಕಡಿದರೆ ನಾಳೆ ಅವರು ಎಲ್ಲಿದ್ದಾರೆಂದು ಕೇಳುವವರೂ ಇರುವುದಿಲ್ಲ.

ಈ ಯೋಚನೆ ಹಳೆಯದು. ಅಮೆರಿಕದ ಟೆಕ್ಸಾಸ್ ರಾಜ್ಯ 1984ರಲ್ಲಿ ‘ಪಾಸಾಗದವರಿಗೆ ಆಟವಿಲ್ಲ’ ಎಂಬ ಕಾನೂನನ್ನೇ ತಂದಿತು. ನೂರಕ್ಕೆ 70 ಅಂಕ ಬಾರದಿದ್ದರೆ ಆರು ವಾರ ಪಂದ್ಯಗಳಿಂದ ಹೊರಗೆ. 1995ರಲ್ಲಿ ಅದನ್ನು ಮೂರು ವಾರಕ್ಕೆ ಇಳಿಸಿದರು. ಮನೆಯಲ್ಲಿ ಕೂರಿಸಿಕೊಂಡು ಓದಿಸುವವರಿದ್ದರೆ ಮಗು ಇಂಥ ಬೆದರಿಕೆಗೆ ಎಚ್ಚೆತ್ತುಕೊಂಡೀತು. ಯಾರೂ ಇಲ್ಲದ ಮಗು ಆ ಮೂರು ವಾರ ಏನು ಮಾಡಬೇಕು?

ನಾನೂ ಮೊದಲ ಎರಡು ವರ್ಷ ಹೀಗೆಯೇ ನಡೆದುಕೊಂಡೆ. ಪ್ರತಿ ಶನಿವಾರ ಹನ್ನೊಂದು ಆಟಗಾರರ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದೆ. ಮಕ್ಕಳೆಲ್ಲ ಮುಗಿಬಿದ್ದು ತಮ್ಮ ಹೆಸರು ಹುಡುಕುವಾಗ ಒಬ್ಬ ಹುಡುಗ ಮಾತ್ರ ದೂರದಲ್ಲಿ ಕುಳಿತು ಬೂಟಿನ ದಾರವನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಇರುತ್ತಿದ್ದ. ಯಾರಾದರೂ ‘ನಿನ್ನ ಹೆಸರೂ ಇದೆ’ ಎಂದು ಕೂಗಿದ ಮೇಲೆಯೇ ಏಳುತ್ತಿದ್ದ. ಅವನಿಗೆ ಆ ಪಟ್ಟಿಯನ್ನು ಓದಲು ಬರುತ್ತಿರಲಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಅಂಕ ಸಾಲದೆಂದು ಅವನನ್ನು ಎರಡು ಪಂದ್ಯಗಳಿಂದ ಹೊರಗಿಟ್ಟಿದ್ದೆ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಮುಂದಿನ ವರ್ಷ ಪಟ್ಟಿ ಬರೆಯುವ ಕೆಲಸವನ್ನು ಅವನಿಗೇ ಒಪ್ಪಿಸಿದೆ. ಹನ್ನೊಂದು ಹೆಸರು ಬರೆಯಲು ಮೊದಮೊದಲು ಅರ್ಧ ಗಂಟೆ ಬೇಕಾಗುತ್ತಿತ್ತು. ಗೆಳೆಯರು ಪಕ್ಕದಲ್ಲಿ ನಿಂತು ಒತ್ತಕ್ಷರ ಹೇಳಿಕೊಡುತ್ತಿದ್ದರು. ಒಬ್ಬರೂ ನಗಲಿಲ್ಲ, ಏಕೆಂದರೆ ಅವನು ತಂಡದ ಅತ್ಯುತ್ತಮ ರಕ್ಷಣಾ ಆಟಗಾರನಾಗಿದ್ದ. ತರಗತಿಯಲ್ಲಿ ತಲೆ ತಗ್ಗಿಸುವ ಮಗುವಿಗೆ ಮೈದಾನದಲ್ಲಿ ಇಂಥ ಮರ್ಯಾದೆ ಇರುತ್ತದೆ. ಓದು ಕಲಿಸಲು ಹಿಡಿಯಬೇಕಾದದ್ದು ಅದನ್ನೇ.

ಈಗ ನಾವು ಮಾಡುವುದು ಇಷ್ಟು. ಮಕ್ಕಳು ಬಂದ ಕೂಡಲೇ ಹದಿನೈದು ನಿಮಿಷ ಓಟ, ಏಕೆಂದರೆ ಇಡೀ ದಿನ ಕುಳಿತು ಬಂದಿರುತ್ತಾರೆ. ಬಳಿಕ ಮೈದಾನದ ಅಂಚಿನಲ್ಲೇ ಮುಕ್ಕಾಲು ಗಂಟೆ ಓದು, ಆಮೇಲೆ ಆಟ. ಓದಿನ ಹೊತ್ತಿನಲ್ಲಿ ಕೋಚ್ ಬೇರೆ ಕೆಲಸಕ್ಕೆ ಎದ್ದು ಹೋಗುವಂತಿಲ್ಲ. ಚೆಂಡು ಒದೆಯಲು ಕಲಿಸುವವರೇ ಪುಸ್ತಕದ ಮುಂದೆಯೂ ಕೂರಬೇಕು, ಇಲ್ಲವಾದರೆ ಮಕ್ಕಳು ಅದನ್ನು ಆಟಕ್ಕೆ ತೆರಬೇಕಾದ ಸುಂಕ ಎಂದುಕೊಳ್ಳುತ್ತಾರೆ. ಅಂಕದ ಷರತ್ತು ನಮ್ಮಲ್ಲಿಲ್ಲ, ಹಾಜರಿ ಮಾತ್ರ ನೋಡುತ್ತೇವೆ. ಸತತ ಮೂರು ದಿನ ಶಾಲೆಗೆ ಹೋಗದಿದ್ದರೆ ನಮ್ಮಲ್ಲೊಬ್ಬರು ಅವರ ಮನೆಗೆ ಹೋಗಿ ಕಾರಣ ಕೇಳುತ್ತಾರೆ.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಬೋಸ್ಟನ್ ನಗರದ ಸ್ಕ್ವಾಷ್‌ಬಸ್ಟರ್ಸ್ ಎಂಬ ಸಂಸ್ಥೆ 1996ರಿಂದ ಸ್ಕ್ವಾಷ್ (ರಾಕೆಟ್‌ನಿಂದ ಚೆಂಡನ್ನು ಗೋಡೆಗೆ ಹೊಡೆದು ಆಡುವ ಆಟ) ಅಭ್ಯಾಸವನ್ನೂ ಪಾಠವನ್ನೂ ಜೊತೆಜೊತೆಯಾಗಿ ನಡೆಸುತ್ತಿದೆ. ಕೀನ್ಯಾದ ನೈರೋಬಿಯ ಕೊಳೆಗೇರಿಯಲ್ಲಿ 1987ರಲ್ಲಿ ಹುಟ್ಟಿದ ಮಥಾರೆ ಯುವ ಕ್ರೀಡಾ ಸಂಘದ ರೀತಿ ನನಗೆ ಇನ್ನೂ ಹೆಚ್ಚು ಇಷ್ಟ. ಅಲ್ಲಿ ತಂಡವೊಂದು ತನ್ನ ಬೀದಿಯ ಕಸ ತೆಗೆದರೆ ಲೀಗ್ ಪಟ್ಟಿಯಲ್ಲಿ ಅಂಕ ಸೇರುತ್ತದೆ. ಮುಂದಾಳತ್ವ ವಹಿಸಿ ದುಡಿದ ಮಕ್ಕಳಿಗೆ ಶಾಲಾ ಶುಲ್ಕದ ನೆರವು ಸಿಗುತ್ತದೆ.

ಪ್ರಶ್ನೆ (ಶಿಕ್ಷಕಿ): ಸರ್, ನಮ್ಮಲ್ಲಿ ಹನ್ನೆರಡು ಹದಿಮೂರು ತುಂಬುತ್ತಲೇ ಹುಡುಗಿಯರು ಆಟ ನಿಲ್ಲಿಸುತ್ತಾರೆ. ಮನೆಯವರಿಗೆ ಎಷ್ಟು ತಿಳಿಹೇಳಿದರೂ ಆಗುತ್ತಿಲ್ಲ.

ಉತ್ತರ: ಮೇಡಂ, ತಿಳಿಹೇಳುವ ಮೊದಲು ಅಭ್ಯಾಸ ಎಷ್ಟು ಗಂಟೆಗೆ ಮುಗಿಯುತ್ತದೆ ನೋಡಿ. ಕತ್ತಲಾದ ಮೇಲೆ ಮುಗಿದರೆ ತಾಯಂದಿರ ಆತಂಕ ನ್ಯಾಯವಾದದ್ದೇ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಮುಟ್ಟಿನ ದಿನಗಳಿಗೆ ಬೇಕಾದ ವ್ಯವಸ್ಥೆ, ಗುಂಪಾಗಿ ಮನೆಗೆ ಮರಳುವ ಏರ್ಪಾಡು, ಒಬ್ಬ ಮಹಿಳಾ ಕೋಚ್: ಇವಿದ್ದರೆ ಅರ್ಧ ಮಾತು ತಾನಾಗಿಯೇ ಮುಗಿಯುತ್ತದೆ. ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊಣೆ ಇರುವ ಹುಡುಗಿಗೆ ಅವರನ್ನೂ ಕರೆತರಲು ಹೇಳಿ. ಜಾರ್ಖಂಡ್‌ನಲ್ಲಿ 2009ರಲ್ಲಿ ಆರಂಭವಾದ ‘ಯುವಾ’ ಎಂಬ ಸಂಸ್ಥೆ ಹಳ್ಳಿಯ ಹುಡುಗಿಯರನ್ನು ಫುಟ್‌ಬಾಲ್ ಮೂಲಕ ಒಂದುಗೂಡಿಸಿತು. ಆಡಿ ಬೆಳೆದ ಹುಡುಗಿಯರೇ ಅಲ್ಲಿ ಕೋಚ್‌ಗಳಾದರು, ಮುಂದೆ ಅದು ಶಾಲೆಯನ್ನೂ ತೆರೆಯಿತು. ಇನ್ನೊಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ: ಹುಡುಗನಿರಲಿ ಹುಡುಗಿಯಿರಲಿ, ಯಾವ ಮಗುವೂ ಯಾವ ಕೋಚ್ ಜೊತೆಯೂ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಇದರಲ್ಲಿ ರಿಯಾಯಿತಿ ಬೇಡ.

ಪ್ರಶ್ನೆ (ಪೋಷಕರು): ಮಗ ಚೆನ್ನಾಗಿ ಆಡುತ್ತಾನೆ. ಕ್ರೀಡಾ ವಿದ್ಯಾರ್ಥಿವೇತನ ಸಿಗಬಹುದೆಂದು ಓದಿನ ಬಗ್ಗೆ ಒತ್ತಾಯ ಮಾಡುತ್ತಿಲ್ಲ. ಇದು ಸರಿಯೇ?

ಉತ್ತರ: ಸರಿಯಲ್ಲ. ಕಾಲೇಜು ಕ್ರೀಡೆಗೆ ಹಣ ಸುರಿಯುವ ಅಮೆರಿಕದಲ್ಲೇ ಪ್ರೌಢಶಾಲೆಯ ನೂರು ಆಟಗಾರರಲ್ಲಿ ಸುಮಾರು ಇಬ್ಬರಿಗೆ ಮಾತ್ರ ಕಾಲೇಜಿನ ಕ್ರೀಡಾ ವಿದ್ಯಾರ್ಥಿವೇತನ ದೊರೆಯುತ್ತದೆ. ಮೊಣಕಾಲಿಗೆ ಬಿದ್ದ ಒಂದು ಪೆಟ್ಟು ಎಲ್ಲವನ್ನೂ ನಿಲ್ಲಿಸಬಹುದು. ಅವನು ಮನಸ್ಸಿಟ್ಟು ಆಡಲಿ, ಆದರೆ ಲೆಕ್ಕದ ಪುಸ್ತಕವನ್ನೂ ದಿನವೂ ತೆರೆಯಲಿ.

ಪ್ರಶ್ನೆ (ಮೊದಲ ಸ್ವಯಂಸೇವಕ): ಸರ್, ಆ ನಾಲ್ವರ ಮನೆಗೆ ಹೋಗಿ ಬಂದೆವು. ಇಬ್ಬರು ಮರಳಿ ಶಾಲೆಗೆ ಸೇರಲು ಒಪ್ಪಿದ್ದಾರೆ, ಆದರೆ ಅವರ ಬಳಿ ಜನನ ಪ್ರಮಾಣಪತ್ರವೇ ಇಲ್ಲ.

ಉತ್ತರ: ಇಷ್ಟು ಬೇಗ ಹೋಗಿ ಬಂದಿರಿ, ಬಹಳ ಸಂತೋಷವಾಯಿತು. ಹದಿನಾಲ್ಕು ವರ್ಷದೊಳಗಿನವರ ಪಂದ್ಯಾವಳಿಗೂ ವಯಸ್ಸಿನ ದಾಖಲೆ ಕೇಳುತ್ತಾರಲ್ಲವೇ? ತಂಡದ ನೋಂದಣಿಯ ನೆಪದಲ್ಲೇ ಅದನ್ನು ಮಾಡಿಸಿಬಿಡಿ, ಶಾಲೆಗೂ ಅದೇ ಕಾಗದ ಆಗುತ್ತದೆ. ತಂದೆಯನ್ನೋ ತಾಯಿಯನ್ನೋ ಒಂಟಿಯಾಗಿ ಕಚೇರಿಗೆ ಕಳಿಸಬೇಡಿ. ಒಂದು ದಿನದ ಕೂಲಿ ಬಿಟ್ಟು ಹೋದವರು ‘ನಾಳೆ ಬನ್ನಿ’ ಎನ್ನಿಸಿಕೊಂಡರೆ ಎರಡನೆಯ ಸಲ ಹೋಗುವುದಿಲ್ಲ. ನೀವೂ ಜೊತೆಗಿರಿ, ಅರ್ಜಿ ತುಂಬಿಕೊಡಿ. ಕಾಗದ ಕೈಗೆ ಬರುವವರೆಗೂ ತರಗತಿಯಲ್ಲಿ ಕೂರಲು ಬಿಡುವಂತೆ ಮುಖ್ಯ ಶಿಕ್ಷಕರನ್ನು ಇವತ್ತೇ ಕೇಳಿ. ಉಳಿದ ಇಬ್ಬರನ್ನು ಒತ್ತಾಯಿಸಬೇಡಿ. ಸಂಜೆಯ ಆಟಕ್ಕೆ ಬರುತ್ತಿರಲಿ, ಪಟ್ಟಿ ಬರೆಯುವ ಕೆಲಸ ಅವರಿಗೆ ಕೊಡಿ.